ಗುರುತಿನ ಚೀಟಿಯ ಏಳು ಮೊಡವೆ

ಪೀಣ್ಯದ ನಮ್ಮ ಕಾರ್ಖಾನೆಗೆ ಹೊಸದಾಗಿ ಬಂದಿದ್ದ ವಾಚ್‌ಮನ್ ಗೇಟಿನಲ್ಲೇ ನನ್ನನ್ನು ತಡೆದ. ಗುರುತಿನ ಚೀಟಿಯನ್ನು ನನ್ನ ಮುಖದ ಪಕ್ಕ ಹಿಡಿದು, "ಫೋಟೋದಲ್ಲಿ ಏಳು ಮೊಡ್ವೆ ಅವೆ. ನಿನ್ ಮುಖದಲ್ಲಿ ಒಂದೂ ಇಲ್ವಲ್ಲಪ್ಪ, ಎಂಗ್ ಒಳಕ್ ಬುಡ್ಲಿ?" ಎಂದ.

ಲೇತ್ ಯಂತ್ರದ ಎಣ್ಣೆಗೈಯಲ್ಲಿ ಮುಖ ಒರೆಸಬೇಡ, ಸೋಪು ಹಾಕಿ ತೊಳೆ ಎಂದ ಡಾಕ್ಟರರ ಮಾತನ್ನು ಮೂರು ತಿಂಗಳು ಪಾಲಿಸಿದ್ದೇ ನನ್ನ ತಪ್ಪು. ಅಷ್ಟರಲ್ಲಿ ಸೈರನ್ ಕೂಗಿತು. ಹಾಜರಿ ತಪ್ಪುವ ಭಯಕ್ಕೆ ನನ್ನ ಸೈಕಲ್ ಚೈನಿನ ಗ್ರೀಸು ಮುಟ್ಟಿ ಮುಖಕ್ಕೆ ಏಳು ಚುಕ್ಕೆ ಇಟ್ಟುಕೊಂಡೆ. ಆತ ಎಣಿಸಿ, "ಎಡಗೆನ್ನೇದು ವಸಿ ಕೆಳಕ್ಕೆ" ಎಂದ. ಸರಿಪಡಿಸಿದ ಮೇಲೆ ಸೆಲ್ಯೂಟ್ ಹೊಡೆದು ಗೇಟು ತೆಗೆದ.

ವಾರವಿಡೀ ಹೀಗೇ ಚುಕ್ಕೆ ಇಟ್ಟುಕೊಂಡು ಕೆಲಸಕ್ಕೆ ಹೋದೆ. ಆಮೇಲೆ ಅದೇ ಜಾಗಗಳಲ್ಲಿ ನಿಜವಾದ ಮೊಡವೆಗಳೇ ಎದ್ದವು. ಈಗ ಆತ ಚೀಟಿ ಕೇಳುವುದೇ ಇಲ್ಲ.