ಹೊಂಗೆಮರದ ನೆರಳು ಬಿಟ್ಟುಕೊಟ್ಟವರು

ಟ್ಯಾಕ್ಸಿ ಮಾವನ ಬಲಗೈ ಮೊಣಕೈ ತನಕ ಕಪ್ಪು, ಎಡಗೈ ಗೋಧಿ ಬಣ್ಣ. ಸ್ಟಿಯರಿಂಗ್ ಹಿಡಿದು ಕಿಟಕಿಯ ಬಿಸಿಲಿಗೆ ಕೈಕೊಟ್ಟ ಫಲ ಅದು. ಎಲೆಕ್ಟ್ರಿಕ್ ಕಾರು ಕೊಂಡ ಮೇಲೂ, ಚಾರ್ಜ್ ಉಳಿಯಲೆಂದು ಒಬ್ಬರೇ ಇದ್ದಾಗ ಎಸಿ ಹಾಕುತ್ತಿರಲಿಲ್ಲ.

ಮಂಡಿ ಮೊಹಲ್ಲಾದಲ್ಲಿ ನಮ್ಮ ಪಕ್ಕದ ಮನೆ ಅವರದು. ರಕ್ತಸಂಬಂಧ ಏನೂ ಇಲ್ಲ. ಅಮ್ಮನನ್ನು ಅಕ್ಕ ಎನ್ನುತ್ತಿದ್ದರು, ಅಷ್ಟೇ. ನಮ್ಮೂರಿನ ಗೋಕುಲಂ ಬಡಾವಣೆಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರನ್ನು ಬೆಂಗಳೂರಿನ ಏರ್‌ಪೋರ್ಟಿಗೆ ಬಿಟ್ಟುಬರುವುದು ಅವರ ಹೊಟ್ಟೆಪಾಡು. ನಮ್ಮ ಗಲ್ಲಿಗೆ ಕಾರು ನುಗ್ಗದು, ಹಾಗಾಗಿ ಮನೆಯಲ್ಲಿ ನಿಧಾನವಾಗಿ ಚಾರ್ಜ್ ಮಾಡುವ ಮಾತೇ ಇಲ್ಲ. ಹೈವೇಯಿಂದ ಬಂದ ಕಾದ ಗಾಡಿಯನ್ನು ಹಾಗೇ ಫಾಸ್ಟ್ ಚಾರ್ಜರ್‌ಗೆ ಸಿಕ್ಕಿಸಿ ಪೂರ್ತಿ ತುಂಬಿಸುತ್ತಿದ್ದರು. ಪೆಟ್ರೋಲ್ ಕಾಲದ ಮನುಷ್ಯ, ಟ್ಯಾಂಕ್ ತುಂಬಿರದಿದ್ದರೆ ಸಮಾಧಾನವಿಲ್ಲ.

ಗೋಕುಲಂನ ಅವರ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂದು ಹೊಂಗೆಮರ. ಅದರ ನೆರಳು ಹಿರಿಯ ಡ್ರೈವರ್‌ಗೆ ಎಂಬುದು ಅಲ್ಲಿನ ಪದ್ಧತಿ. ಮಾವ ತಮ್ಮ ಪಾಲಿನ ನೆರಳನ್ನು ಹೂ ಮಾರುವ ಅಜ್ಜಿಗೆ ಬಿಟ್ಟುಕೊಟ್ಟಿದ್ದರು, ಮಲ್ಲಿಗೆ ಬಾಡುತ್ತದೆಂದು. ತುಂಬಿದ ಬ್ಯಾಟರಿಯ ಕಾರು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತಿರುತ್ತಿತ್ತು.

ಬರಬರುತ್ತಾ ಗಾಡಿ ಓಡುವ ದೂರ ಕುಗ್ಗಿತು. "ದಿನಾ ಫಾಸ್ಟ್ ಚಾರ್ಜು, ಮೇಲೆ ಈ ಬಿಸಿಲು. ಬ್ಯಾಟರಿ ಸವೆದೋಗಿದೆ ಸಾರ್, ಹೋಗಿದ್ದು ವಾಪಸ್ ಬರಲ್ಲ" ಎಂದರಂತೆ ಸರ್ವಿಸ್ ಸೆಂಟರಿನವರು. ಹೊಸ ಬ್ಯಾಟರಿಯ ಬೆಲೆ ಕೇಳಿ ಮಾವ ಎದ್ದುಬಂದರು.

"ಇನ್ನಾದ್ರೂ ನೆರಳಲ್ಲಿ ನಿಲ್ಲಿಸಿ ಮಾವ" ಎಂದೆ.

"ಕೊಟ್ಬುಟ್ಟಿದ್ದೀನಲ್ಲ ಕಣಮ್ಮ. ಆಯಮ್ಮನ್ನ ಎಬ್ಬಿಸಿ ಎಲ್ಲಿಗೋಗು ಅನ್ಲಿ?"

ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ.

ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬರುತ್ತಿದ್ದವರು ಅವರೇ. ಆ ಬೇಸಿಗೆ ಅವಳಿಗೆಂದು ಎಸಿ ಹಾಕಿಕೊಂಡು ಹೊರಟರೆ, ರಾಮನಗರದ ಹತ್ತಿರ ಚಾರ್ಜ್ ತಳ ಮುಟ್ಟಿತು. ಚಾರ್ಜರ್‌ಗೆ ಹಾಕಿದರೂ ಕಾದ ಬ್ಯಾಟರಿ ಬೇಗ ಏರಲೊಲ್ಲದು. ಮಾವ ದಿನಪತ್ರಿಕೆಯಿಂದ ಅಮ್ಮನಿಗೆ ಗಾಳಿ ಬೀಸುತ್ತಾ ನಿಂತರು. ಡಾಕ್ಟರು ಹೊರಟುಬಿಟ್ಟಾರೆಂದು ಕೊನೆಗೆ ಬೇರೆ ಟ್ಯಾಕ್ಸಿ ಕರೆಸಿ ನಮ್ಮನ್ನು ಹತ್ತಿಸಿದರು.

"ಅಕ್ಕ, ಇನ್ಮೇಲೆ ನನ್ ಗಾಡಿ ನಂಬ್ಕೋಬೇಡಿ" ಎಂದರು. ಅಮ್ಮನ ಮುಖ ನೋಡಲಿಲ್ಲ.

ಅದೇ ಅವರ ಕೊನೆಯ ದೂರದ ಬಾಡಿಗೆ. ಕಾರನ್ನು ಸಿಕ್ಕಷ್ಟಕ್ಕೆ ಕೊಟ್ಟರು. ಇನ್ನೊಂದು ಕೊಳ್ಳುವ ಶಕ್ತಿಯಾಗಲಿ ವಯಸ್ಸಾಗಲಿ ಇರಲಿಲ್ಲ. ಆಮೇಲೆ ಮನೆ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಕಾಫಿಗೆ ಕರೆದರೆ ಬರುತ್ತಿದ್ದರು, ಲೋಟ ಕೆಳಗಿಟ್ಟವರೇ ಎದ್ದುಹೋಗುತ್ತಿದ್ದರು.

ಹೋದ ತಿಂಗಳು ತೀರಿಕೊಂಡರು. ಹೂವಿನ ಅಜ್ಜಿ ಗೋಕುಲಂನಿಂದ ಬಂದು ಎದೆಯ ಮೇಲೆ ಮಲ್ಲಿಗೆ ಮಾಲೆ ಇಟ್ಟಳು. ಅದರ ಕೆಳಗೆ ಜೋಡಿಸಿದ್ದ ಎರಡೂ ಕೈ ಒಂದೇ ಗೋಧಿ ಬಣ್ಣಕ್ಕೆ ತಿರುಗಿದ್ದವು.