ಗುಲಾಬಿ ತೋಟದ ಹಳದಿ ಫ್ರಾಕು

ಸತ್ತವರು ಕಣ್ಣಿಗೆ ಬೀಳುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಗುವುದಷ್ಟೇ ಅಲ್ಲ, ಎದುರಿಗಿದ್ದವರ ಬಾಯಿ ಮುಚ್ಚಿಸುವ ತನಕ ವಾದ ಮಾಡುತ್ತಿದ್ದೆ. ಈಗಲೂ ಪೂರ್ತಿ ನಂಬಿದ್ದೇನೆ ಎನ್ನಲಾರೆ. ಆದರೆ ವಾದ ಮಾಡುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಹೇಳುತ್ತೇನೆ, ನಂಬುವುದು ನಿಮ್ಮಿಷ್ಟ.

ಅರವತ್ತರ ದಶಕದ ಮೊದಲಲ್ಲಿ ಐವರ್ನಾಡಿನ ಕಡೆಯ ಒಂದು ಶಾಲೆಗೆ ನನಗೆ ವರ್ಗವಾಯಿತು. ನಾನು ಘಟ್ಟದ ಮೇಲಿನವನು. ಅಲ್ಲಿಯ ತುಳುವೂ ಗೊತ್ತಿಲ್ಲ, ರೀತಿ ರಿವಾಜೂ ಗೊತ್ತಿಲ್ಲ. ಶಾಲೆಯ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಶೇಖರಣ್ಣ, ವಸಂತಕ್ಕ ಎಂಬ ದಂಪತಿಯ ಮನೆಯಿತ್ತು. ಶೇಖರಣ್ಣ ಕೊಡಗಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಇವರು ಕೇಳಿ ತಂದದ್ದು ಬಂಗಲೆಯ ಗುಲಾಬಿ ಗೆಲ್ಲುಗಳನ್ನು.

ಊರಿಗೆ ಬಂದು ಗಂಡ ಹೆಂಡತಿ ಸೇರಿ ಗಟ್ಟಿ ಕೆಂಪು ಮುರಕಲ್ಲಿನ ನೆಲ ಅಗೆದು, ಹೊಂಡಗಳಿಗೆ ಹಟ್ಟಿಗೊಬ್ಬರ ತುಂಬಿ, ಬಂಗಲೆಯಲ್ಲಿದ್ದಂಥದ್ದೇ ತೋಟ ಮಾಡಿದ್ದರು. ನಡುವೆ ದುಂಡನೆಯ ಪಾತಿ, ಸುತ್ತ ನಡೆಯುವ ದಾರಿ, ಬಳ್ಳಿಗುಲಾಬಿ ಹಬ್ಬಿದ ಕಮಾನು, ಬಿಳಿ ಬಣ್ಣದ ಮರದ ಗೇಟು. ಆ ಕಡೆಯ ಮಳೆಗೆ ಗುಲಾಬಿ ಉಳಿಯುವುದೇ ಕಷ್ಟ. ಮಳೆಗಾಲ ಪೂರ್ತಿ ವಸಂತಕ್ಕ ಗಿಡಗಳ ಮೇಲೆ ತೆಂಗಿನ ಮಡಲಿನ ಮಾಡು ಕಟ್ಟಿ, ಬುಡದಲ್ಲಿ ನೀರು ನಿಲ್ಲದ ಹಾಗೆ ಕಣಿ ತೋಡಿ ಕಾಯುತ್ತಿದ್ದರು. "ತಿನ್ಲಿಕ್ಕಾಗದ ಗಿಡಕ್ಕೆ ಇಷ್ಟು ಗೊಬ್ಬರ ಎಂತಕ್ಕೆ ಮಾರಾಯ್ರೆ?" ಎಂದು ಊರವರು ತಮಾಷೆ ಮಾಡುತ್ತಿದ್ದರು. ಮಕ್ಕಳಿಲ್ಲದವರ ಹುಚ್ಚು ಎಂದು ನಾನೂ ತಿಳಿದಿದ್ದೆ.

ಚಳಿಗಾಲದ ಒಂದು ಸಂಜೆ. ಮರುದಿನ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಹಾರಕ್ಕೆ ಹೂ ಕೇಳಲು ನಾನು ಅಲ್ಲಿಗೆ ಹೋದೆ. ಬಿಸಿಲು ಇನ್ನೂ ಇತ್ತು, ಕತ್ತಲಲ್ಲಿ ಏನನ್ನೋ ಕಂಡು ಬೆಚ್ಚಿದೆ ಎನ್ನುವ ಹಾಗಿಲ್ಲ. ಕಮಾನಿನ ಕೆಳಗೆ ಒಬ್ಬಳು ಹುಡುಗಿ ನಿಂತಿದ್ದಳು. ಮದುವೆಯ ಪ್ರಾಯ. ವಸಂತಕ್ಕನದೇ ಹಣೆ, ಅವರದೇ ಗಲ್ಲ. ಆದರೆ ತೊಟ್ಟದ್ದು ಸಣ್ಣ ಮಗುವಿನ ಹಳದಿ ಫ್ರಾಕು. ತೋಳು ಬಿಗಿದು ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಕೆಳಗೆ ತೊಡೆಯೂ ಮುಚ್ಚುತ್ತಿರಲಿಲ್ಲ. ಎರಡೂ ಕೈಯಿಂದ ಅದನ್ನು ಕೆಳಗೆ ಎಳೆದುಕೊಳ್ಳುತ್ತ, ನನ್ನನ್ನು ಕಂಡು ಗಿಡಗಳ ಹಿಂದೆ ಸರಿದಳು.

ನನಗೂ ಸಂಕೋಚವಾಗಿ ತಲೆ ತಗ್ಗಿಸಿ ಅಂಗಳಕ್ಕೆ ನಡೆದೆ. ಭಯ ಎಂಬುದು ಹತ್ತಿರವೂ ಸುಳಿಯಲಿಲ್ಲ. ಬುದ್ಧಿ ಬೆಳೆಯದ ಮಗಳಿರಬೇಕು, ಅದಕ್ಕೇ ಬಚ್ಚಿಟ್ಟಿದ್ದಾರೆ ಎಂದುಕೊಂಡೆ. ಸಿಟ್ಟು ಬಂತು.

"ಅಕ್ಕಾ, ಆ ಹುಡುಗಿಗೆ ಮೈ ಮುಚ್ಚುವ ಬಟ್ಟೆಯನ್ನಾದರೂ ಕೊಡಬಾರದೇ?" ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ಯಾವ ಹುಡುಗಿ?" ಎಂದರು ವಸಂತಕ್ಕ.

ಕಂಡದ್ದನ್ನು ಹೇಳಿದೆ. ಹಳದಿ ಫ್ರಾಕು ಎನ್ನುವಾಗ ಅವರ ಕೈಯ ಮೊರ ನೆಲಕ್ಕೆ ಬಿತ್ತು. ತೋಟಕ್ಕೆ ಓಡಿದರು. ಅಲ್ಲಿ ಯಾರೂ ಇರಲಿಲ್ಲ.

ಶೇಖರಣ್ಣ ನನ್ನನ್ನು ಜಗಲಿಯಲ್ಲಿ ಕೂರಿಸಿ ಎಲ್ಲ ಹೇಳಿದರು. ಅವರಿಗೆ ಒಬ್ಬಳೇ ಮಗಳು. ಶಾಲೆಗೆ ಸೇರುವ ಮೊದಲೇ ಕೊಡಗಿನಲ್ಲಿ ಜ್ವರ ಬಂದು ತೀರಿಹೋಗಿದ್ದಳು. ಹಳದಿ ಫ್ರಾಕಿನಲ್ಲಿಯೇ ಅವಳನ್ನು ಹೂತಿದ್ದರು. ಅವಳು ಆಡುತ್ತಿದ್ದದ್ದು ದೊರೆಯ ಗುಲಾಬಿ ತೋಟದಲ್ಲಿ. ಮಗಳು ತಮ್ಮ ಹಿಂದೆಯೇ ಊರಿಗೆ ಬರಲಿ, ಬಂದರೆ ಅವಳಿಗೆ ಗುರುತಾಗಲಿ ಎಂದು ವಸಂತಕ್ಕ ಹಟ ಹಿಡಿದು ಇಲ್ಲಿ ತೋಟ ಮಾಡಿಸಿದ್ದರು.

ಮದುವೆಯಾಗದೆ ಸತ್ತ ಮಕ್ಕಳು ಆ ಲೋಕದಲ್ಲಿಯೂ ಇಲ್ಲಿಯಂತೆಯೇ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಸತ್ತ ಗಂಡಿಗೂ ಸತ್ತ ಹೆಣ್ಣಿಗೂ ಮದುವೆ ಮಾಡಬೇಕು ಎಂಬ ಪದ್ಧತಿ ಆ ಸೀಮೆಯಲ್ಲಿದೆ ಎಂದು ನನಗೆ ತಿಳಿದದ್ದು ಅಂದೇ. ಈಶ್ವರಮಂಗಲದ ಕಡೆಯ ಒಂದು ಮನೆಯವರು, ಹೊಳೆಪಾಲಾದ ತಮ್ಮ ಮಗನಿಗೆ ಈ ಹೆಣ್ಣನ್ನು ಕೇಳಿಕೊಂಡು ಬಂದಿದ್ದರಂತೆ. ವಸಂತಕ್ಕ ಒಪ್ಪಿರಲಿಲ್ಲ. "ಮದುವೆ ಮಾಡಿದ್ರೆ ಅವಳು ಆ ಮನೆಗೆ ಹೋಗುದಲ್ವಾ? ಮತ್ತೆ ನನಗೆ ಎಂತ ಉಂಟು?" ಎಂದು ಅವರನ್ನು ವಾಪಸು ಕಳಿಸಿದ್ದರು.

ತೋಟದಿಂದ ಮರಳಿದ ವಸಂತಕ್ಕ ಮೆಟ್ಟಿಲಲ್ಲೇ ಕುಳಿತರು. "ಅವಳು ಬೆಳೆದದ್ದು ನನಗೆ ಗೊತ್ತೇ ಆಗ್ಲಿಲ್ಲ. ಹಾಕಿದ್ದೆಲ್ಲ ಸಣ್ಣ ಆಗಿದೆ, ನಾಚಿಕೆ ಪಡ್ತಾ ಉಂಟು ನನ್ನ ಮಗು," ಎಂದರು. ಆಮೇಲೆ ಗಂಡನ ಕಡೆ ತಿರುಗಿ, "ಆ ಮನೆಯವರಿಗೆ ಬರ್ಲಿಕ್ಕೆ ಹೇಳಿ. ಅವಳಿಗೊಂದು ಸೀರೆ ಆಗ್ಬೇಕು," ಎಂದರು. ನಾನು ಹೂ ಕೇಳದೆ ಎದ್ದು ಬಂದೆ.

ಮುಂದಿನ ಮಳೆಗಾಲದ ನಡುವೆ, ಆಟಿ ತಿಂಗಳಲ್ಲಿ ಮದುವೆಯಾಯಿತು. ಒಂದು ಮಣೆಯ ಮೇಲೆ ಪಂಚೆ, ಶಲ್ಯ. ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಕರಿಮಣಿ. ಬೀಗರು ನಿಜವಾದ ಬೀಗರಂತೆಯೇ ಉಪಚಾರ ಮಾಡಿಸಿಕೊಂಡರು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಯಾರೋ ಗೊಣಗಿದ್ದೂ ಕೇಳಿಸಿತು. ಹೊರಡುವಾಗ ಅವರು ಸೀರೆಯನ್ನು ಮಡಚಿ ಎದೆಗವಚಿಕೊಂಡು ಕೊಡೆ ಬಿಡಿಸಿದರು. ವಸಂತಕ್ಕ ಅವರ ಹಿಂದೆಯೇ ಗೇಟಿನ ತನಕ ಹೋಗಿ ಮಳೆಯಲ್ಲಿ ನಿಂತು ಅತ್ತರು. ಮಗಳನ್ನು ಕಳಿಸಿಕೊಟ್ಟ ತಾಯಿ ಹೇಗೆ ಅಳುತ್ತಾಳೋ ಹಾಗೆಯೇ. ನನಗೆ ನಗು ಬರಲಿಲ್ಲ.

ಆಮೇಲೆ ಮಳೆಗೆ ಕುಸಿದ ಮಾಡನ್ನು ವಸಂತಕ್ಕ ಮತ್ತೆ ಕಟ್ಟಲಿಲ್ಲ. ಬೇರು ಕೊಳೆತು ಗಿಡಗಳು ಒಂದೊಂದೇ ಸತ್ತವು. ಮಳೆ ಬಿಟ್ಟ ಮೇಲೆ ವಸಂತಕ್ಕ ನನಗೆ ಹೇಳಿ ಕಳಿಸಿದರು. ಕಮಾನಿನ ಎದುರು ನನ್ನನ್ನು ನಿಲ್ಲಿಸಿ, "ಸರಿ ನೋಡಿ ಮಾಸ್ಟ್ರೆ. ನಿಮ್ಮ ಕಣ್ಣಿಗೆ ಕಾಣ್ತದೆ," ಎಂದರು.

ಅಷ್ಟು ವರ್ಷ ಕಾದ ತಾಯಿಗೆ ಒಮ್ಮೆಯೂ ಕಾಣದವಳು, ಹಾರಕ್ಕೆ ಹೂ ಕೇಳಲು ಹೋದ ಪರವೂರಿನವನಿಗೆ ಯಾಕೆ ಕಂಡಳು? ಫ್ರಾಕಿನ ಬಣ್ಣ ನನಗೆ ಹೇಗೆ ತಿಳಿಯಿತು? ಇವತ್ತಿಗೂ ನನಗೆ ಗೊತ್ತಿಲ್ಲ. ಅಂದು ಬಹಳ ಹೊತ್ತು ನೋಡಿದೆ. ಏನಾದರೂ ಕಾಣಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ ಕೂಡ.

"ಯಾರೂ ಇಲ್ಲ ಅಕ್ಕಾ," ಎಂದೆ.

ವಸಂತಕ್ಕ ತಲೆಯಾಡಿಸಿದರು. ಆಮೇಲೆ ಕೇಳಿದರು: "ಆ ಸೀರೆಯಲ್ಲಿ ಅವಳು ಹೇಗೆ ಕಾಣ್ತಾಳೆ ಅಂತ ನಾನು ಇನ್ನು ಯಾರ ಹತ್ರ ಕೇಳುದು?"