ತಾತನ ನಲವತ್ತೆರಡು ಕ್ಯಾಪ್ಸೂಲುಗಳು

ಜನವರಿ ೬ರಿಂದ ಫೆಬ್ರವರಿ ೧೬ರವರೆಗೆ, ನಲವತ್ತೆರಡು ಬೆಳಿಗ್ಗೆ, ತಾತನಿಗೆ ಒಂದೊಂದು ಕ್ಯಾಪ್ಸೂಲ್ ಕೊಟ್ಟೆ. ಒಂದು ದಿನವೂ ತಪ್ಪಲಿಲ್ಲ.

ತಾತ ನೈರೋಬಿಯಲ್ಲಿ ನಲವತ್ತು ವರ್ಷ ವೈದ್ಯರಾಗಿದ್ದವರು. ತಮಗೆ ಮರೆವು ಶುರುವಾಗಿದೆ ಎಂದು ಎಲ್ಲರಿಗಿಂತ ಮೊದಲು ಹೇಳಿದವರೂ ಅವರೇ. ಅಜ್ಜಿ ತೀರಿಕೊಂಡಾಗ ಮೈಸೂರಿನಿಂದ ಬಂದ ನಾನು ಅವರ ಜೊತೆಗೇ ಉಳಿದಿದ್ದೇನೆ. ಇಲ್ಲೇ ನೈರೋಬಿಯ ಕರೆನ್ ಬಡಾವಣೆಯಲ್ಲಿರುವ ಅವರ ಹಳೆಯ ಗೆಳೆಯರೊಬ್ಬರು ಒಂದು ಪೊಟ್ಟಣ ಅಣಬೆ ಪುಡಿ ತಂದುಕೊಟ್ಟರು. ಜಾಸ್ತಿ ತಿಂದರೆ ಇಲ್ಲದ್ದೆಲ್ಲ ಕಾಣಿಸುವ ಜಾತಿಯದು. ಚಿಟಿಕೆಯಷ್ಟು ತಿಂದು, ದಿನಾ ಮಿದುಳಿಗೆ ಕಸರತ್ತು ಕೊಟ್ಟರೆ ಮರೆವು ನಿಧಾನವಾಗುತ್ತದೆಂದು ಅವರ ನಂಬಿಕೆ. ತಾತ ನಂಬಲಿಲ್ಲ, ಬಿಡಲೂ ಇಲ್ಲ.

"ಪರೀಕ್ಷೆ ಮಾಡಿಬಿಡೋಣ," ಎಂದರು. "ಇಪ್ಪತ್ತೊಂದಕ್ಕೆ ಅಣಬೆ, ಇಪ್ಪತ್ತೊಂದಕ್ಕೆ ರಾಗಿ ಹಿಟ್ಟು ತುಂಬು. ಯಾವತ್ತು ಯಾವುದು ಅಂತ ನಿನಗೆ ಮಾತ್ರ ಗೊತ್ತಿರಲಿ. ನನಗೆ ಗೊತ್ತಾದ್ರೆ ನನ್ನ ಮನಸ್ಸೇ ನನಗೆ ಟೋಪಿ ಹಾಕುತ್ತೆ."

ನಾನು ನಲವತ್ತೆರಡಕ್ಕೂ ರಾಗಿಯನ್ನೇ ತುಂಬಿದೆ. ಅವರು ಹೃದಯಕ್ಕೆ ಮೂರು ಮಾತ್ರೆ ನುಂಗುತ್ತಾರೆ. ಅದರ ಜೊತೆ ಈ ಅಣಬೆ ಸೇರಿದರೆ ಏನಾಗುತ್ತದೆಂದು ಖಚಿತವಾಗಿ ಹೇಳುವವರು ಯಾರೂ ಸಿಗಲಿಲ್ಲ. ಪೊಟ್ಟಣವನ್ನು ಮೊದಲ ದಿನವೇ ಕಮೋಡಿಗೆ ಸುರಿದಿದ್ದೆ.

ಕ್ಯಾಪ್ಸೂಲ್ ನುಂಗಿ ತಾತ ಟ್ಯಾಬ್‌ನಲ್ಲಿ ಜೋಡಿ ಚಿತ್ರ ಹುಡುಕುವ ಆಟಕ್ಕೆ ಕೂರುತ್ತಿದ್ದರು. ಎರಡು ನಿಮಿಷಕ್ಕೆ ಎಷ್ಟು ಜೋಡಿ ಎಂದು ನೋಟ್‌ಬುಕ್ಕಿನ ಎಡಗಡೆ ಬರೆದೆ. ಬಲಗಡೆ, ಅವರಿಗೆ ಹೇಳದೆ, ಇನ್ನೊಂದು ಲೆಕ್ಕವಿಟ್ಟೆ: "ನಿಮ್ಮಜ್ಜಿ ಇನ್ನೂ ಬರಲಿಲ್ವಾ?" ಎಂದು ಎಷ್ಟು ಸಲ ಕೇಳಿದರು ಅಂತ. ಮೊದಲ ವಾರ ದಿನಕ್ಕೆ ಹತ್ತೋ ಹನ್ನೊಂದೋ ಜೋಡಿ; ಅಜ್ಜಿಯ ಪ್ರಶ್ನೆ ವಾರಕ್ಕೆಲ್ಲ ನಾಲ್ಕು. ಆರನೆಯ ವಾರ ದಿನಕ್ಕೆ ಹತ್ತೊಂಬತ್ತು ಜೋಡಿ; ಪ್ರಶ್ನೆ ವಾರಕ್ಕೆ ಇಪ್ಪತ್ತಮೂರು. ಆಟದಲ್ಲಿ ಪಳಗಿದ್ದರು. ಆಟದಲ್ಲಿ ಮಾತ್ರ. ಜನವರಿ ೩೦ರಂದು ಗೇಟು ಕಾಯುವ ಅಸ್ಕಾರಿ ಅವರನ್ನು ಪಕ್ಕದ ಬೀದಿಯಿಂದ ಕೈಹಿಡಿದು ಕರೆತಂದ. ಅದನ್ನು ಯಾವ ಕಡೆ ಸೇರಿಸಬೇಕೆಂದು ತಿಳಿಯದೆ ಅಂಚಿನಲ್ಲಿ ಬರೆದೆ.

ಫೆಬ್ರವರಿ ೧೭ರ ಬೆಳಿಗ್ಗೆ ತಾತ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತಿದ್ದರು.

"ಹೇಳಮ್ಮ ಡಾಕ್ಟರೇ, ನಿನ್ನ ಪ್ರಯೋಗದ ಇಲಿಗೆ ಫಲಿತಾಂಶ ಹೇಳು."

ಎಲ್ಲ ಹೇಳಿದೆ. ಎರಡೂ ಲೆಕ್ಕ ತೋರಿಸಿದೆ. ಬಲಗಡೆಯ ಅಂಕಿಗಳ ಮೇಲೆ ಅವರ ಬೆರಳು ನಿಧಾನವಾಗಿ ಕೆಳಗಿಳಿಯಿತು.

"ಇಷ್ಟು ಸಲ ಕೇಳಿದ್ನಾ?"

"ಹೌದು ತಾತ."

"ಆರು ವಾರ ರಾಗಿ ತಿನ್ನಿಸಿದೀಯ. ಮುದ್ದೆ ಮಾಡಿ ಹಾಕಿದ್ರೆ ಸಾರಿನ ರುಚಿಯಾದ್ರೂ ಸಿಗ್ತಿತ್ತು." ನಗಲಿಲ್ಲ. "ಹೆದರಿದ್ದು ನೀನು. ಹೋಗ್ತಿರೋದು ನನ್ನ ತಲೆ. ನನ್ನ ಹತ್ರ ಇನ್ನೆಷ್ಟು ಆರು ವಾರ ಇದೆ ಅಂದ್ಕೊಂಡಿದೀಯ?"



ಮರುದಿನ ಬೆಳಿಗ್ಗೆ ಎಂದಿನಂತೆ ಅಂಗೈ ಚಾಚಿದರು. "ಎಲ್ಲಿ ಪುಟ್ಟಿ, ಇವತ್ತಿಂದು? ನನಗೇನೋ ಇದು ಅಣಬೇದೇ ಅನ್ಸುತ್ತೆ."

ಮತ್ತೆ ಹೇಳಿದೆ. ಮೊದಲ ಸಲ ಕೇಳಿದವರಂತೆ ಬಿಳಿಚಿಕೊಂಡರು, ಹೊಸದಾಗಿ ಬೈದರು. ೧೯ರಂದೂ ಕೈ ಚಾಚಿದರು. ಮೂರನೆಯ ಸಲ ಒಪ್ಪಿಕೊಂಡೆ. ಅಂದು ಬೈಯಲಿಲ್ಲ. ನೋಟ್‌ಬುಕ್ ಮುಚ್ಚಿ, ಅತ್ತರು. ತಾತ ಅತ್ತದ್ದನ್ನು ನಾನು ಅಜ್ಜಿ ಸತ್ತಾಗಲೂ ಕಂಡಿರಲಿಲ್ಲ.

೨೦ರಂದು ಅವರು ಏಳುವ ಮೊದಲೇ ಇನ್ನೂ ಮೂವತ್ತಕ್ಕೆ ರಾಗಿ ತುಂಬಿಟ್ಟೆ. ಒಂದನ್ನು ಅವರ ಅಂಗೈಗೆ ಹಾಕಿದೆ. ನೀರು ಕುಡಿದು, "ತಲೆ ಹಗುರಾಯ್ತು ನೋಡು," ಎಂದು ಟ್ಯಾಬ್ ಎಳೆದುಕೊಂಡರು.

ಇಪ್ಪತ್ತೊಂದು ಜೋಡಿ. ಬರೆದುಕೊಂಡೆ.